ಬಾಗಿಲಿಗೆ ಕಟ್ಟಿದ ಉಪ್ಪು

ನಮ್ಮೂರಿನ ಯಾವುದಾದರೂ ಅಂಗಡಿಯ ಬಾಗಿಲಿಗೆ ಉಪ್ಪಿನ ಗಂಟು ಕಟ್ಟಿದ್ದು ಕಂಡರೆ, ಯಾರದೋ ಮನೆಯ ಊಟ ಕೆಟ್ಟಿತು ಎಂದೇ ಅರ್ಥ. ಆ ಅಂಗಡಿಯಿಂದ ಯಾರೋ ಏನನ್ನೋ ಸದ್ದಿಲ್ಲದೆ ಎತ್ತಿಕೊಂಡು ಹೋಗಿದ್ದಾರೆ. ಎತ್ತಿದವರಿಗೆ ಏನೂ ಆಗುವುದಿಲ್ಲ, ಹೊಟ್ಟೆ ತುಂಬ ಉಂಡು ಮಲಗುತ್ತಾರೆ. ಅವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವ ಜೀವ ಯಾವುದಿದೆಯೋ ಅದರ ನಾಲಿಗೆಯಿಂದ ಆ ಗಳಿಗೆಯೇ ಉಪ್ಪು ಹೋಗಿಬಿಡುತ್ತದೆ. ಹುಳಿ ಗೊತ್ತಾಗುತ್ತದೆ, ಖಾರ ಗೊತ್ತಾಗುತ್ತದೆ, ಉಪ್ಪು ಮಾತ್ರ ಇಲ್ಲ. ಹೋಗುವುದು ಒಬ್ಬರಿಗೇ. ಇಬ್ಬರು ಪ್ರೀತಿಸುತ್ತಿದ್ದರೂ ಹೆಚ್ಚು ಪ್ರೀತಿಸುವವರು ಒಬ್ಬರೇ ಇರುತ್ತಾರಲ್ಲ, ಅವರಿಗೆ.

ಶಿಕ್ಷೆಯೂ ಅವರಿಗೇ. ಉಪ್ಪು ಹೋದವರು ಗಂಟು ಕಟ್ಟಿದ ಅಂಗಡಿಯನ್ನು ತಾವಾಗಿಯೇ ಹುಡುಕಿಕೊಂಡು ಹೋಗಿ, ಈ ಸಂತೆಯಿಂದ ಮುಂದಿನ ಸಂತೆಯವರೆಗೆ ಅದರ ಮುಂದೆ ಕಸಬರಿಗೆ ಹಿಡಿದು ನಿಲ್ಲಬೇಕು. ಕಸ ಗುಡಿಸಬೇಕು, ಧೂಳಿಗೆ ನೀರು ಹೊಡೆಯಬೇಕು, ಬಂದ ಗಿರಾಕಿಯನ್ನು ಬನ್ನಿ ಎಂದು ಕರೆಯಬೇಕು. ಕದ್ದವರು ಎದುರಿಗೆ ಸ್ಟೂಲಿನ ಮೇಲೆ ಕೂತು ಅದನ್ನೆಲ್ಲ ನೋಡಬೇಕು, ಅವರಿಗೆ ಅಷ್ಟೇ ಕೆಲಸ. ಕೊನೆಯ ದಿನ ಅಂಗಡಿಯವರು ಗಂಟು ಬಿಚ್ಚಿ ಒಂದು ಹರಳು ಉಪ್ಪನ್ನು ನಿಂತವರ ನಾಲಿಗೆಯ ಮೇಲೆ ಇಡುತ್ತಾರೆ. ‘ಬಂತು’ ಎಂದರೆ ಮುಗಿಯಿತು. ನಿಲ್ಲಬೇಕಾದವರು ಬಂದು ನಿಲ್ಲುವವರೆಗೂ ಉಪ್ಪು ಮರಳಿ ಬರುವುದಿಲ್ಲ, ತಪ್ಪಿಸಿಕೊಂಡೇ ಇದ್ದರೆ ಸಾಯುವವರೆಗೂ ಸಪ್ಪೆ ಕೂಳು.

ನನ್ನ ಅತ್ತೆಯ ಕಾಲದಲ್ಲಿ ಗಂಟು ಕಟ್ಟುವುದೇ ಅಪರೂಪವಾಗಿತ್ತಂತೆ. ಹಸಿದವನೊಬ್ಬ ಅಕ್ಕಿ ಎತ್ತುತ್ತಿದ್ದ, ಅವನ ಹೆಂಡತಿಗೋ ತಾಯಿಗೋ ಉಪ್ಪು ಹೋಗುತ್ತಿತ್ತು, ಅವಳು ಸೆರಗು ಹೊದ್ದು ತಲೆ ತಗ್ಗಿಸಿ ಬಂದು ನಿಲ್ಲುತ್ತಿದ್ದಳು. ಹೆಂಡತಿಯನ್ನು ಬೀದಿಯಲ್ಲಿ ಹಾಗೆ ಒಮ್ಮೆ ನೋಡಿದವನು ಮತ್ತೆ ಅಂಗಡಿಗೆ ಕೈಹಾಕುತ್ತಿರಲಿಲ್ಲ. ಈಗ ಹೊಟ್ಟೆಗಿಲ್ಲದೆ ಕದಿಯುವವರು ಕಡಿಮೆ, ತಿಳಿದುಕೊಳ್ಳಲೆಂದು ಕದಿಯುವವರೇ ಹೆಚ್ಚು. ಮದುವೆಯಾಗಿ ಬಂದ ಹುಡುಗಿ ಸೀರೆಯ ಮಡಿಕೆ ಸಡಿಲುವ ಮೊದಲೇ ಒಂದು ಹಾಳೆ ಪಿನ್ನು ಎತ್ತುತ್ತಾಳೆ, ಆಮೇಲೆ ತಟ್ಟೆಯ ಮುಂದೆ ಗಂಡನ ಮುಖ ನೋಡುತ್ತ ಕೂರುತ್ತಾಳೆ. ಕಾಲೇಜಿನವರು ಪೆನ್ನು ಎತ್ತಿ, ಯಾವ ಹುಡುಗಿ ಮರುದಿನ ಡಬ್ಬಿಯ ಊಟ ಅರ್ಧಕ್ಕೆ ಬಿಟ್ಟಳೆಂದು ಹುಡುಕುತ್ತಾರೆ. ಆಸ್ತಿ ಹಂಚಬೇಕಾದ ಮುದುಕರೂ ಬೆಂಕಿಪೊಟ್ಟಣಕ್ಕೆ ಕೈಹಾಕತೊಡಗಿದರು. ವರ್ತಕರ ಸಂಘದ ಅಧ್ಯಕ್ಷ ಕಿರಾಣಿ ಅಂಗಡಿಯ ಸಂಗಣ್ಣ ಸಭೆಯಲ್ಲಿ ಹಣೆ ಚಚ್ಚಿಕೊಂಡ. ಬೆಲೆಬಾಳುವುದೆಲ್ಲ ಇದ್ದಲ್ಲೇ ಇದೆ, ಹೋಗುವುದು ಕ್ಲಿಪ್ಪು, ಶಾಂಪೂ ಚೀಟಿ, ಬೆಂಕಿಪೊಟ್ಟಣ; ಆದರೆ ಬೀದಿಯಲ್ಲಿ ಗಂಟಿಲ್ಲದ ಬಾಗಿಲೇ ಇಲ್ಲ ಎಂದ. ಕ್ಯಾಮೆರಾ ಹಾಕಿಸಿದರು. ಹುಡುಗಿಯರು ಕ್ಯಾಮೆರಾ ನೋಡಿ ಕೂದಲು ಸರಿಮಾಡಿಕೊಂಡು ಎತ್ತಿದರು. ಶಿಕ್ಷೆಯನ್ನು ಕದ್ದವರಿಗೇ ಕೊಟ್ಟುಬಿಡೋಣ ಎಂದು ಯಾರೋ ಅಂದಾಗ ಹಿರಿಯರು ಒಪ್ಪಲಿಲ್ಲ. ಕದ್ದವರನ್ನು ನಿಲ್ಲಿಸಿದರೆ ಅವರಿಗೆ ನಾಚಿಕೆಯಾಗುವುದು ಹೇಗೆ ಎಂದು ಕೇಳಿದರು.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಗಂಟು ಕಟ್ಟಿದ ಅಂಗಡಿಗೆ ಯಾರೂ ಬಾರದಿರುವುದು. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಒಮ್ಮೆ ಊದುಬತ್ತಿಯ ಕಟ್ಟು ಎತ್ತಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಾವೇ ಹೋಗಿ ಸ್ಟೂಲಿನ ಮೇಲೆ ಕೂತು, ಸಂತೆಯಿಂದ ಸಂತೆಯವರೆಗೆ ಖಾಲಿ ಬಾಗಿಲನ್ನು ನೋಡಿ ಎದ್ದು ಹೋದರು. ಮೂವರು ಮಕ್ಕಳ ತಂದೆ. ಇವತ್ತಿಗೂ ಅವರು ಎದುರಾದರೆ ಜನ ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗುತ್ತಾರೆ.

ನನ್ನದು ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿ. ನೀಲಗಂಗಾ ಎಂದು ನನ್ನ ಹೆಸರು, ಊರಿನವರಿಗೆ ನೀಲವ್ವ. ನನ್ನ ಕೈಯ ಹದ ತಪ್ಪಿದ್ದಿಲ್ಲ ಎಂದು ನಾನೇ ಹೇಳಿಕೊಳ್ಳಬೇಕಾಗಿಲ್ಲ, ರೊಟ್ಟಿ ಪಲ್ಯಕ್ಕೆ ಮಧ್ಯಾಹ್ನ ಹೊರಗೆ ನಿಂತು ಕಾಯುವ ಜನವೇ ಹೇಳುತ್ತಾರೆ. ಹೈಸ್ಕೂಲಿನ ಹಿರೇಮಠ ಮಾಸ್ತರರಿಗೆ ಖಾರ ಆಗದು, ಕಂಡಕ್ಟರರಿಗೆ ಸಾರಿನ ಮೇಲಿನ ಒಗ್ಗರಣೆಯೇ ಬೇಕು, ಬ್ಯಾಂಕಿನವರಿಗೆ ಈರುಳ್ಳಿ ಹೆಚ್ಚಿ ಕೊಡಬಾರದು, ಒಡೆದು ಕೊಡಬೇಕು. ಇದೆಲ್ಲ ನನಗೆ ಬಾಯಿಪಾಠ. ನನ್ನ ಗಂಡ ಚನ್ನವೀರಪ್ಪನವರು ಹತ್ತಿ ಮಿಲ್ಲು ಮುಚ್ಚಿದಾಗಿನಿಂದ ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ಕಾಯಿಪಲ್ಯೆ ತರುತ್ತಾರೆ, ಬೆಳ್ಳುಳ್ಳಿ ಸುಲಿಯುತ್ತಾರೆ, ಉಳಿದಂತೆ ಕಟ್ಟೆಯ ಮೇಲೆ ಕೂತು ಯಾರಾದರೂ ಮಾತಾಡಿಸಿದರೆ ಹೂಂ ಎನ್ನುತ್ತಾರೆ. ಕೂತು ಉಣ್ಣುವ ದೇವರು ಎಂದು ನಾನು ಗಿರಾಕಿಗಳ ಮುಂದೆಯೇ ಎಷ್ಟೋ ಸಲ ಅವರನ್ನು ಆಡಿಕೊಂಡಿದ್ದೇನೆ. ಅವರು ನಕ್ಕು ಮತ್ತೊಂದು ಹೋಳು ಉಪ್ಪಿನಕಾಯಿ ಕೇಳುತ್ತಿದ್ದರು. ಉಪ್ಪಿನಕಾಯಿಯೆಂದರೆ ಅವರಿಗೆ ಪ್ರಾಣ.

ಮಗಳು ದಾಕ್ಷಾಯಣಿ ಒಂಬತ್ತನೆಯ ಕ್ಲಾಸು. ಬೆಳಿಗ್ಗೆ ನಾನು ಒಲೆ ಬಿಟ್ಟು ಏಳುವಂತಿಲ್ಲವಾದ್ದರಿಂದ ಸಣ್ಣವಳಿದ್ದಾಗಿನಿಂದ ಅವಳಿಗೆ ಜಡೆ ಹಾಕುತ್ತಿದ್ದವರು ಅಪ್ಪ. ಮಿಲ್ಲಿನಲ್ಲಿ ನೂಲು ಹಿಡಿದ ಕೈ, ಎರಡೂ ಜಡೆ ಒಂದೇ ಸಮ ಬರುತ್ತಿದ್ದವು. ಶಾಲೆಯಿಂದ ಬಂದು ಅವಳು ನನಗೆ ಏನಾದರೂ ಹೇಳಲು ಅಡುಗೆಮನೆಗೆ ಬಂದರೆ ನಾನು ‘ಆಮ್ಯಾಲ’ ಎನ್ನುತ್ತಿದ್ದೆ. ಅವಳ ಊಟ ಎಲ್ಲರದೂ ಆದ ಮೇಲೆ, ತಳದಲ್ಲಿ ಉಳಿದದ್ದು. ನಮ್ಮ ಕಸುಬಿನಲ್ಲಿ ಮನೆಯವರ ಊಟ ಯಾವತ್ತೂ ಹಾಗೆಯೇ. ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಆ ದಿನ ಸಂತೆ. ಮಧ್ಯಾಹ್ನದ ಗದ್ದಲ ಇನ್ನೂ ಶುರುವಾಗಿರಲಿಲ್ಲ. ಬಳೆ ಅಂಗಡಿಯ ಮೌಲಾಸಾಬರ ಬಾಗಿಲಿಗೆ ಗಂಟು ಬಿದ್ದಿದೆ ಎಂದು ತರಕಾರಿಯವಳು ಹೇಳಿಹೋಗಿದ್ದಳು. ದಾಕ್ಷಾಯಣಿ ಒಳಗೆ ಬಂದು ಅಕ್ಕಿಯ ಡಬ್ಬಕ್ಕೆ ಒರಗಿ ನಿಂತಳು. ಕೂದಲಲ್ಲಿ ಹೊಸ ಕ್ಲಿಪ್ಪು, ಚಿಟ್ಟೆಯ ಆಕಾರದ್ದು. ಅದನ್ನು ಕೊಂಡದ್ದು ನಾನಲ್ಲ, ಅವಳ ಕೈಯಲ್ಲಿ ಕಾಸಿರಲಿಲ್ಲ. ಅವಳು ಮುಚ್ಚಿಡಲೂ ಇಲ್ಲ. ನನ್ನ ಕೈಯಲ್ಲಿದ್ದ ಸೌಟನ್ನೇ ನೋಡುತ್ತಿದ್ದಳು. ಬೇಳೆಸಾರು ಕುದಿದು ಬಂದಿತ್ತು, ನಾನು ಎಂದಿನಂತೆ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ.

ಉಪ್ಪು ಸರಿಯಾಗಿತ್ತು. ಹುಳಿ, ಖಾರ, ಉಪ್ಪು, ಮೂರೂ ಎಲ್ಲೆಲ್ಲಿ ಇರಬೇಕೋ ಅಲ್ಲಲ್ಲೇ ಇದ್ದವು.

ಇನ್ನೊಂದು ಹನಿ ನೆಕ್ಕಿದೆ, ಅದೇ ರುಚಿ. ಮಗಳು ರೆಪ್ಪೆ ಹೊಡೆಯದೆ ನನ್ನ ಮುಖ ನೋಡುತ್ತಿದ್ದಾಳೆ. ಹೊತ್ತು ಹೊತ್ತಿಗೆ ಅನ್ನ ಬೇಯಿಸಿ ಹಾಕಿದ ತಾಯಿ ನಾನು, ನನ್ನ ನಾಲಿಗೆಯಲ್ಲಿ ಉಪ್ಪು ಉಳಿದಿದೆ. ನಾಳೆ ಇಡೀ ಊರು ನನ್ನ ಖಾನಾವಳಿಯಲ್ಲಿ ಹದವಾದ ಸಾರು ಉಂಡು, ದಾಕ್ಷಾಯಣಿ ಕದ್ದರೂ ನೀಲವ್ವನ ಅಡುಗೆ ಕೆಡಲಿಲ್ಲ ನೋಡು ಎನ್ನುತ್ತದೆ. ನಿಜ ಹೇಳುತ್ತೇನೆ, ಮೊದಲು ಹೊಳೆದದ್ದು ಮಗಳ ಮುಖವಲ್ಲ, ಊರಿನ ಬಾಯಿ. ಆಮೇಲೆ ಅವಳ ಮುಖ ಕಂಡಿತು. ಅದು ನಿಧಾನವಾಗಿ ಸಣ್ಣದಾಗತೊಡಗಿತ್ತು. ನನ್ನ ಕೈ ತಾನಾಗಿಯೇ ಉಪ್ಪಿನ ಡಬ್ಬಿಗೆ ಹೋಯಿತು. ಒಂದು ಹಿಡಿ ತೆಗೆದು ಪಾತ್ರೆಗೆ ಹಾಕಿದೆ.

“ಯಾಕೋ ಸಪ್ಪಗ ಅನಸಾಕತ್ತೈತಿ,” ಎಂದೆ.

ಮತ್ತೊಮ್ಮೆ ನೆಕ್ಕಿ ತಲೆ ಅಲ್ಲಾಡಿಸಿ ಇನ್ನಷ್ಟು ಹಾಕಿದೆ. ದಾಕ್ಷಾಯಣಿಯ ಮುಖ ಅರಳಿದ ರೀತಿ ಇದೆಯಲ್ಲ, ಅದನ್ನು ನಾನು ಹೇಳಲಾರೆ. ಓಡಿಬಂದು ಬೆನ್ನಿಗೆ ಅಂಟಿಕೊಂಡು ಅಳುತ್ತ ನಗುತ್ತ, ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದಳು. ಬೈಯಬೇಕು ಎಂದು ಬೈದೆ. ಬಾಗಿಲಲ್ಲಿ ಬೆಳ್ಳುಳ್ಳಿಯ ಬುಟ್ಟಿ ಹಿಡಿದು ನಿಂತಿದ್ದ ಅವಳ ಅಪ್ಪ ಬುಟ್ಟಿ ಕೆಳಗಿಟ್ಟು ಹೊರಗೆ ಹೋದರು.

ಮೌಲಾಸಾಬರ ಅಂಗಡಿಯ ಮುಂದೆ ನಿಂತೆ. ಖಾನಾವಳಿಯವರಿಗೆ, ಬಾಣಂತಿಯರಿಗೆ ಕೆಲಸ ಮುಗಿಸಿಕೊಂಡು ಬಂದು ನಿಲ್ಲುವ ರಿಯಾಯಿತಿ ಇದೆ. ಬೆಳಿಗ್ಗೆ ಅಡುಗೆ ಮಾಡಿ ಬಡಿಸಿ, ಆಮೇಲೆ ಕಸಬರಿಗೆ ಹಿಡಿಯುತ್ತಿದ್ದೆ. ನಾಚಿಕೆಯಾಗಬೇಕಿತ್ತು, ಆದರೆ ಆಗಿದ್ದೇ ಬೇರೆ. ಹೋಗುವವರು ಬರುವವರು ನಿಂತು ನನ್ನ ಮುಖ ನೋಡಿ ಮೆತ್ತಗೆ ಮಾತಾಡಿದರು. ಹೆತ್ತರೆ ಹೀಗೆ ಹೆರಬೇಕು, ಪ್ರೀತಿಸಿದರೆ ಹೀಗೆ ಪ್ರೀತಿಸಬೇಕು ಎಂದು ಹೂವಿನವಳು ಒಂದು ಮೊಳ ಮಲ್ಲಿಗೆ ಮುಡಿಸಿಹೋದಳು. ಖಾನಾವಳಿಯಲ್ಲಿ ಉಪ್ಪುಪ್ಪು ಸಾರನ್ನು ಜನ ದೇವರ ಪ್ರಸಾದದಂತೆ ಉಂಡರು. ಹಿರೇಮಠ ಮಾಸ್ತರರು ಪ್ರತಿ ತುತ್ತಿಗೂ ನೀರು ಕುಡಿಯುತ್ತ, ತೊಂದರೆಯಿಲ್ಲ ನೀಲವ್ವ, ಇಂಥ ಹೊತ್ತಿನಲ್ಲಿ ನಾವು ಇಷ್ಟೂ ಸಹಿಸದಿದ್ದರೆ ಹೇಗೆ ಎಂದರು. ಹಿಂದೆ ಒಗ್ಗರಣೆಗೆ ಕೂಡ ಅಷ್ಟು ಹೊಗಳಿಕೆ ಬಂದಿರಲಿಲ್ಲ. ಆ ಹೊಗಳಿಕೆ ನನಗೆ ರುಚಿಸಿತು ಎಂದು ಬರೆಯುವಾಗ ಈಗ ಕಿವಿ ಬಿಸಿಯಾಗುತ್ತದೆ. ಎದುರಿನ ಸ್ಟೂಲಿನ ಮೇಲೆ ಮಗಳು ಕೂತಿರುತ್ತಿದ್ದಳು. ಮೊದಲೆರಡು ದಿನ ನನ್ನನ್ನೇ ನೋಡಿ ಕಣ್ಣು ತುಂಬಿಕೊಳ್ಳುತ್ತಿದ್ದವಳು ಆಮೇಲೆ ನೆಲ ನೋಡತೊಡಗಿದಳು. ಬುದ್ಧಿ ಬಂತು ಎಂದುಕೊಂಡೆ.

ಅಡುಗೆ ಕೆಡಿಸುವುದು ಸುಲಭ ಎಂದು ತಿಳಿಯಬೇಡಿ. ಕೈ ಒಪ್ಪುತ್ತಿರಲಿಲ್ಲ. ಜನ ಉಣ್ಣಲಾರದಷ್ಟು ಕೆಟ್ಟರೆ ವ್ಯಾಪಾರ ಹೋಗುತ್ತದೆ, ಕೆಡದಿದ್ದರೆ ಮಾನ ಹೋಗುತ್ತದೆ. ಹಾಗಾಗಿ ಮೊದಲು ಹದ ನೋಡಿ, ಆಮೇಲೆ ಅದರ ಮೇಲೆ ಅರ್ಧ ಹಿಡಿ ಹಾಕುತ್ತಿದ್ದೆ. ಉಪ್ಪು ಹಾಕುವ ಮುಂಚಿನ ಬೇಳೆಯನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟುಕೊಂಡು, ಎಲ್ಲರೂ ಹೋದ ಮೇಲೆ ನನಗೆ ಬೇಕಾದಷ್ಟು ಉಪ್ಪು ಬೆರೆಸಿ ಕದ್ದು ಉಣ್ಣುತ್ತಿದ್ದೆ. ಒಂದು ದಿನ ಗಡಿಬಿಡಿಯಲ್ಲಿ ಗಂಡನ ತಟ್ಟೆಗೆ ಆ ಪಾತ್ರೆಯಿಂದಲೇ ಬಡಿಸಿಬಿಟ್ಟೆ. ಒಂದು ಹರಳೂ ಬೀಳದ ಬೇಳೆ. ಅನ್ನಕ್ಕೆ ಕಲಸಿ ಬಾಯಿಗಿಡುವಾಗ ನನಗೆ ನೆನಪಾಯಿತು, ತಡೆಯಲು ಬಾಯಿ ತೆರೆದೆ. ಅವರು ನುಂಗಿ, ಚಲೋ ಆಗೈತಿ ಎಂದರು. ಇನ್ನೊಂದು ಸೌಟು ಹಾಕಿಸಿಕೊಂಡರು. ಪಕ್ಕದಲ್ಲಿದ್ದ ಉಪ್ಪಿನಕಾಯಿಯನ್ನು ಮುಟ್ಟಿರಲೂ ಇಲ್ಲ.

ನಾನು ಸೌಟು ಕೆಳಗಿಟ್ಟು ಅವರ ಎದುರು ಕೂತೆ. ಅವರೂ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಯಾವಾಗಿನಿಂದ ಎಂದು ಕೇಳಿದೆ. ಸಂತೆಯ ದಿನದಿಂದ ಎಂದರು. ಕಟ್ಟೆಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದರಂತೆ, ಬಾಯಲ್ಲಿದ್ದಾಗಲೇ ಹೋಯಿತಂತೆ. ಹೇಳೋಣವೆಂದು ಒಳಗೆ ಬಂದರೆ ನಾನು ಹಿಡಿ ಉಪ್ಪು ಹಾಕುತ್ತ ನಿಂತಿದ್ದೆ. ಒಬ್ಬರಿಗೇ ಹೋಗುವುದೆಂದು ಊರಿಗೆಲ್ಲ ಗೊತ್ತಿರುವಾಗ ಅವರಿಗೆ ಗೊತ್ತಾಗದೇ ಇರುತ್ತದೆಯೇ? ನಾನು ಸುಳ್ಳಾಡಿದ್ದು ಮೊದಲ ಗಳಿಗೆಯಿಂದಲೇ ಅವರಿಗೆ ತಿಳಿದಿತ್ತು.

“ಅಲ್ಲೇ ಯಾಕ ಹೇಳಲಿಲ್ಲರೀ?” ಎಂದೆ.

“ನೀ ಆಗಲೇ ಹೇಳಿಬಿಟ್ಟಿದ್ದಿ. ಹುಡುಗಿ ಮಾರಿ ನೋಡಿದೆ. ಅಷ್ಟು ಖುಷಿ ಆಗಿದ್ದು ನಾ ಎಂದೂ ನೋಡಿರಲಿಲ್ಲ. ಆಕಿಗೆ ಬೇಕಾಗಿದ್ದು ನಿಂದು, ನಂದಲ್ಲ.”

ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ನಾಳೆಯೇ ಮೌಲಾಸಾಬರಿಗೆ ಹೇಳೋಣ, ನೀವು ಬಂದು ನಿಲ್ಲಿ, ಇಲ್ಲವಾದರೆ ನಿಮಗೆ ಜನ್ಮಕ್ಕೂ ಉಪ್ಪು ಬಾರದು ಎಂದೆ. ಎಂದೆನೇ ಹೊರತು, ಬೇಡ ಎನ್ನಲಿ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವರಿಗೆ ಅದೂ ಕೇಳಿಸಿರಬೇಕು. ಡಾಕ್ಟರು ಹೇಗೂ ಬಿಪಿಗೆ ಉಪ್ಪು ಕಡಿಮೆ ಮಾಡು ಅಂದಿದ್ದಾರೆ, ಇದು ಒಳ್ಳೆಯದೇ ಆಯಿತು ಎಂದು ತಟ್ಟೆ ಎತ್ತಿಕೊಂಡು ಎದ್ದರು.

ಮುಂದಿನ ಸಂತೆಯ ದಿನ ಮೌಲಾಸಾಬರು ಗಂಟು ಬಿಚ್ಚಿದರು. ಜನ ಸೇರಿದ್ದರು, ಸಂಗಣ್ಣನೂ ಬಂದಿದ್ದ. ಮಗಳು ಸ್ಟೂಲಿನಿಂದ ಎದ್ದು ನಿಂತಿದ್ದಳು, ಅವಳ ಅಪ್ಪ ಜನರ ಹಿಂದೆ. ಮೌಲಾಸಾಬರು ಬಿಸ್ಮಿಲ್ಲಾ ಎಂದು ನನ್ನ ನಾಲಿಗೆಯ ಮೇಲೆ ಹರಳು ಇಟ್ಟರು. ಅದು ಕರಗಿ ಗಂಟಲಿಗೆ ಇಳಿಯುವಾಗ ಗಂಡನ ಕಡೆ ನೋಡಿದೆ. ಹೇಳು ಎನ್ನುವಂತೆ ತಲೆಯಾಡಿಸಿದರು. “ಬಂತು,” ಎಂದೆ. ಜನ ಚಪ್ಪಾಳೆ ತಟ್ಟಿದರು. ಮಗಳು ತಟ್ಟಲಿಲ್ಲ.

ಖಾನಾವಳಿಯ ಸಾರು ಮತ್ತೆ ಹದಕ್ಕೆ ಬಂತು, ಜನ ಮತ್ತೆ ಬೆರಳು ಚೀಪಿದರು. ಮನೆ ಮಾತ್ರ ಹದಕ್ಕೆ ಬರಲಿಲ್ಲ. ಗಂಡ ಎರಡು ತುತ್ತಿಗೆ ಕೈ ತೊಳೆಯತೊಡಗಿದರು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಉಪ್ಪಿನಕಾಯಿಯ ಭರಣಿಗೆ ಬೂಸಲು ಬಂತು, ನಾನೇ ತೆಗೆದು ಚೆಲ್ಲಿದೆ. ದಾಕ್ಷಾಯಣಿ ಮಾತು ಬಿಟ್ಟಳು. ಕೇಳಿದ್ದಕ್ಕೆ ಉತ್ತರ, ಹಾಕಿದಷ್ಟು ಊಟ. ಚಿಟ್ಟೆ ಕ್ಲಿಪ್ಪನ್ನು ಬಾವಿಗೆ ಎಸೆದಳೆಂದು ಪಕ್ಕದ ಮನೆಯವಳು ಹೇಳಿದಳು. ಅಪ್ಪ ಜಡೆ ಹಾಕಲು ಕರೆದರೆ ನಾನು ದೊಡ್ಡವಳಾದೆ ಎಂದು ಬಾಚಣಿಗೆ ಕಿತ್ತುಕೊಂಡು ತಾನೇ ಬಾಚಿಕೊಳ್ಳುತ್ತಿದ್ದಳು, ಬೈತಲೆ ಸೊಟ್ಟಗಿರುತ್ತಿತ್ತು.

ಒಂದು ಭಾನುವಾರ ಖಾನಾವಳಿಗೆ ರಜೆ. ನಾನು ಎಣ್ಣೆಯ ಬಟ್ಟಲು ಹಿಡಿದು, ಬಾ, ತಲೆಗೆ ಎಣ್ಣೆ ಹಚ್ಚುತ್ತೇನೆ ಎಂದು ಅವಳನ್ನು ಕರೆದೆ. ಬೇಡ ಎಂದಳು. ಇನ್ನೊಮ್ಮೆ ಕರೆದೆ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ನನಗೆ ರೇಗಿಹೋಯಿತು. ಊರ ಮಂದಿಯ ಮುಂದೆ ಕಸಬರಿಗೆ ಹಿಡಿದು ನಿಂತವಳು ನಾನು, ನಿನಗೋಸ್ಕರ ಬಾಯಿ ಸಪ್ಪೆ ಮಾಡಿಕೊಂಡವಳು ನಾನು, ಇನ್ನೂ ಏನು ಬೇಕು ನಿನಗೆ ಎಂದು ಕೂಗಿದೆ. ಹೌದು, ಅಷ್ಟೂ ಮಾತನ್ನು ಈ ಬಾಯಿಂದಲೇ ಆಡಿದೆ. ಅವಳು ಪುಸ್ತಕ ಮುಚ್ಚಿದಳು.

“ಸಾಕು ಬಿಡವ್ವಾ. ನಿನಗ ಉಪ್ಪು ಹೋಗೇ ಇರಲಿಲ್ಲ.”

ನನ್ನ ಕೈಯ ಬಟ್ಟಲು ಜಾರಿ ಎಣ್ಣೆ ಸೀರೆಯ ಮೇಲೆ ಹರಿಯಿತು. ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಿಲ್ಲ ಎಂದಳು. ಅವಳ ಗೆಳತಿಯ ತಾಯಿಗೆ ಹಿಂದಿನ ವರ್ಷ ಉಪ್ಪು ಹೋದಾಗ ಅವರ ಮನೆಯಲ್ಲಿ ಉಂಡಿದ್ದಳಂತೆ. ಒಂದು ದಿನ ಸಪ್ಪೆ, ಒಂದು ದಿನ ಬಾಯಿಗಿಡಲಾಗದಷ್ಟು ಉಪ್ಪು, ಒಂದು ದಿನ ಹಾಕುವುದೇ ಮರೆತಿದ್ದು. ರುಚಿ ತಿಳಿಯದವರ ಕೈ ಎಲ್ಲೆಂದರಲ್ಲಿ ಹೋಗುತ್ತದೆ. ನನ್ನ ಸಾರು ಮಾತ್ರ ದಿನವೂ ಒಂದೇ ಅಳತೆಯಲ್ಲಿ ಕೆಟ್ಟಿತ್ತು. ಮೂರನೆಯ ದಿನಕ್ಕೇ ಅವಳಿಗೆ ತಿಳಿದುಹೋಗಿತ್ತು.

ಊರು ತಿಳಿಯದ್ದನ್ನು, ತಳದಲ್ಲಿ ಉಳಿದದ್ದನ್ನು ಉಂಡು ಬೆಳೆದ ಹುಡುಗಿ ತಿಳಿದಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಆಗಲೇ ಯಾಕೆ ಕೇಳಲಿಲ್ಲ, ಜನರ ಮುಂದೆ ಯಾಕೆ ಸುಮ್ಮನಿದ್ದೆ ಎಂದು ಗೊಣಗಿದೆ.

“ಹೆಂಗ ಹೇಳಲಿ? ನಿನಗ ಹೋಗಿಲ್ಲ ಅಂದ್ರ ಯಾರಿಗೂ ಹೋಗಿಲ್ಲ ಅಂತ ಆತಲ್ಲ, ಹೋಗಿದ್ರ ಅವರು ಬಂದು ನಿಲ್ಲತಿದ್ರು. ಆ ಪೋಸ್ಟಿನ ಅಜ್ಜಾರ ಗತೆ ನಾನೂ ಖಾಲಿ ಬಾಗಲಾ ನೋಡಕೋತ ಕುಂಡ್ರೂದು ಬ್ಯಾಡಂತ ನೀ ಸುಳ್ಳು ಹೇಳೀದಿ ಅಂದಕೊಂಡೆ. ಊರಾಗ ನನ್ನ ಮಾನ ಉಳಿಸೀದಿ ಅಂತ ಸುಮ್ಮನಾದೆ.”

ಅಳುತ್ತಿರಲಿಲ್ಲ ಅವಳು. ಅತ್ತು ಮುಗಿಸಿದ್ದಳೆಂದು ಆಗ ತಿಳಿಯಿತು. ಅಷ್ಟು ದಿನ ಈ ಹುಡುಗಿ, ತನ್ನನ್ನು ಈ ಭೂಮಿಯ ಮೇಲೆ ಯಾರೂ ಪ್ರೀತಿಸುವುದಿಲ್ಲ ಎಂಬುದನ್ನು ಒಪ್ಪಿಕೊಂಡು, ನಾನು ಹಾಕಿದ್ದನ್ನು ಉಂಡು, ಶಾಲೆಗೆ ಹೋಗಿ ಬಂದಿದ್ದಾಳೆ. ಗೋಡೆಯ ಆಚೆ ಕಟ್ಟೆಯ ಮೇಲೆ ಅವಳ ಅಪ್ಪ ಸಪ್ಪೆ ಬಾಯಲ್ಲಿ ಕೂತಿದ್ದಾರೆ. ನಡುವೆ ನಾನು, ನನ್ನದಲ್ಲದ ಜಾಗದಲ್ಲಿ, ಮಲ್ಲಿಗೆ ಮುಡಿದು ನಿಂತಿದ್ದೆ. ಆಗಲೂ ಒಂದು ಗಳಿಗೆ ಮನಸ್ಸು ಹಿಂಜರಿಯಿತು. ಈಗಲೂ ವಾದಿಸಿದರೆ, ನನಗೇ ಹೋಗಿತ್ತು ಎಂದು ಆಣೆ ಹಾಕಿದರೆ ನಂಬಬಹುದೇನೋ ಎಂದು ಲೆಕ್ಕ ಹಾಕಿತು. ನನ್ನ ಬಗ್ಗೆ ನನಗೆ ಅಸಹ್ಯವಾದದ್ದು ಸುಳ್ಳು ಹೇಳಿದ ದಿನವಲ್ಲ, ಆ ಗಳಿಗೆಯಲ್ಲಿ.

“ನಿಮ್ಮಪ್ಪಗ ಹೋಗೈತಿ,” ಎಂದೆ. “ಆ ದಿನದಿಂದ. ಇನ್ನೂ ಬಂದಿಲ್ಲ. ನಾ ನಿಂತೆನಲ್ಲ, ಅದಕ್ಕ ಬಂದಿಲ್ಲ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎದ್ದು ಹೊರಗೆ ಓಡಿದಳು. ನಾನು ಎಣ್ಣೆ ಒರೆಸುತ್ತ ಅಲ್ಲೇ ಕೂತೆ. ಕಟ್ಟೆಯ ಮೇಲಿನಿಂದ ಅವಳ ದನಿ ಕೇಳಿತು, ಅವರ ಹೂಂ ಕೇಳಿತು. ಬಾಗಿಲಿಗೆ ಹೋಗಿ ನೋಡುವ ಮುಖ ನನಗಿರಲಿಲ್ಲ.

ಮರುಸಂತೆಗೆ ನಾನೇ ಗಂಡನನ್ನು ಕರೆದುಕೊಂಡು ಮೌಲಾಸಾಬರ ಅಂಗಡಿಗೆ ಹೋದೆ. ಸಂಗಣ್ಣನನ್ನೂ ಕರೆಸಿದೆ. ಜನ ಸೇರುವವರೆಗೆ ಕಾದು, ಇಲ್ಲಿ ನಿಂತವಳು ನಾನು, ಉಪ್ಪು ಹೋದವರು ಇವರು, ನಿಮಗೆ ಬಡಿಸಿದ ಉಪ್ಪುಪ್ಪು ಸಾರನ್ನು ನಾನು ರುಚಿ ನೋಡಿಯೇ ಕೆಡಿಸಿದ್ದು ಎಂದು ಹೇಳಿದೆ. ಹಿರೇಮಠ ಮಾಸ್ತರರು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದರು. ಹೂವಿನವಳು ಬುಟ್ಟಿಗೆ ನೀರು ಚಿಮುಕಿಸತೊಡಗಿದಳು. ನನಗೆ ಏನು ಶಿಕ್ಷೆಯೋ ಹೇಳಿಬಿಡಿ ಎಂದು ಸಂಗಣ್ಣನನ್ನು ಕೇಳಿದೆ. ಅವನು ಮೌಲಾಸಾಬರ ಮುಖ ನೋಡಿದ, ಮೌಲಾಸಾಬರು ತಮ್ಮ ಬಳೆಗಳನ್ನು ನೋಡಿದರು. ಕಡೆಗೆ ಅವರೇ ಮಾತಾಡಿದರು.

“ಇದಕ್ಕ ಶಿಕ್ಷಾ ಇಲ್ಲಕ್ಕಾ. ಅಂಗಡ್ಯಾಗಿಂದು ಎತ್ತಿದ್ದಕ್ಕ ಐತಿ. ನೀ ಎತ್ತಿದ್ದು ಅಂಗಡೀದಲ್ಲ. ಹೋಗು, ಅಡಗಿ ಹೊತ್ತಾತು.”

ಹೊಸದಾಗಿ ಕಟ್ಟಿದ ಗಂಟಿನ ಕೆಳಗೆ ಗಂಡ ಕಸಬರಿಗೆ ಹಿಡಿದು ನಿಂತರು. ಅವರಿಗೆ ಗಿರಾಕಿಗಳನ್ನು ಕರೆಯಲು ಬರುತ್ತಿರಲಿಲ್ಲ, ದಾರಿಹೋಕರನ್ನು ಕಂಡು ಸುಮ್ಮನೆ ನಗುತ್ತಿದ್ದರು. ದಾಕ್ಷಾಯಣಿ ಸ್ಟೂಲಿನ ಮೇಲೆ ಕೂರಲೇ ಇಲ್ಲ. ಅಪ್ಪನ ಪಕ್ಕದಲ್ಲೇ ನಿಂತು, ಬರ್ರಿ ಬರ್ರಿ, ಬಳಿ ನೋಡ್ರಿ ಎಂದು ಕೂಗಿದಳು. ಕದ್ದವರು ಹಾಗೆ ಮಾಡುವಂತಿಲ್ಲ, ಆದರೆ ಸಂಘದವರು ಕಂಡೂ ಕಾಣದಂತಿದ್ದರು. ಕೊನೆಯ ದಿನ ಹರಳು ಬಾಯಿಗೆ ಬಿದ್ದಾಗ ಅವರು ‘ಬಂತು’ ಎನ್ನುವುದನ್ನೂ ಮರೆತು ಕಣ್ಣು ಮುಚ್ಚಿ ನಿಂತುಬಿಟ್ಟರಂತೆ. ನಾನು ನೋಡಲಿಲ್ಲ. ಖಾನಾವಳಿಯಲ್ಲಿ ಬಡಿಸುತ್ತಿದ್ದೆ. ಅಂದಿನ ಸಾರು ಬಹಳ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಯಾರೂ ಅನ್ನಲಿಲ್ಲ.

ಈಗ ದಾಕ್ಷಾಯಣಿ ನನ್ನ ಜೊತೆ ಮಾತಾಡುತ್ತಾಳೆ. ಎಲ್ಲರಿಗಿಂತ ಮೊದಲು ಅವಳ ತಟ್ಟೆ ಹಾಕುತ್ತೇನೆ, ಬೇಡವೆನ್ನದೆ ಉಣ್ಣುತ್ತಾಳೆ. ಮೊನ್ನೆ ಇಬ್ಬರೂ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದೆವು. ಅವಳು ಕಡ್ಡಿ ಬೇರೆ, ಎಲೆ ಬೇರೆ ಮಾಡುತ್ತ, ನೆನಪಾದದ್ದನ್ನು ಹೇಳುವವಳಂತೆ ಹೇಳಿದಳು.

“ಅವ್ವಾ, ನೀನೂ ಒಮ್ಮೆ ಏನರ ಎತ್ತಿ ನೋಡಲಾ. ನನಗ ಉಪ್ಪು ಹೋಗತೈತೇನೋ ನೋಡೋಣು.”

ಅವಳು ಕುಹಕವಾಡಲಿಲ್ಲ. ಅವಳಿಗೂ ಗೊತ್ತಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ನಾನು ಹುಚ್ಚಿ ಎಂದು ಗದರಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಬಂದೆ.

ನಿನ್ನೆ ಸಂತೆಯಲ್ಲಿ ಮೌಲಾಸಾಬರ ಅಂಗಡಿಯ ಮುಂದೆ ನಿಂತಿದ್ದೆ. ಅವರು ಒಳಗೆ ಯಾರಿಗೋ ಬಳೆ ಇಡಿಸುತ್ತಿದ್ದರು. ಕೈಗೆ ಸಿಗುವಷ್ಟು ಹತ್ತಿರದಲ್ಲಿ ಒಂದು ಹಾಳೆ ಪಿನ್ನು ನೇತಾಡುತ್ತಿತ್ತು. ಎತ್ತಿದರೆ ಮಧ್ಯಾಹ್ನದೊಳಗೆ ತಿಳಿದುಹೋಗುತ್ತಿತ್ತು, ಅವಳು ತಟ್ಟೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟಾಗ. ಆ ಹುಡುಗಿ ಅಕ್ಕಿಯ ಡಬ್ಬಕ್ಕೆ ಒರಗಿ ನಿಂತು ನನ್ನ ಮುಖ ನೋಡಿದ್ದಳಲ್ಲ, ಹಾಗೆ ನಾನು ಅವಳ ಮುಖ ನೋಡಬೇಕಾಗುತ್ತಿತ್ತು. ಕೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡು ಮನೆಗೆ ಬಂದೆ.